ಮುಳ್ಳು ಕಟ್ಟಿದ ಬಾಗಿಲು

"ಏಯ್! ಯಾರ್ರೀ ನೀವು? ನಮ್ಮ ಮನೆ ಬಾಗಿಲಿಗೆ ಏನು ಮಾಡ್ತಾ ಇದೀರ?"

ಅನಂತಮತಿಯ ಕೂಗಿಗೆ ಆತ ಬೆಚ್ಚಿಬಿದ್ದು ತಿರುಗಿದ. ಕೈಯಲ್ಲಿ ಜಾಲಿ ಮುಳ್ಳಿನ ಕೊಂಬೆ, ಹಲ್ಲಿನ ನಡುವೆ ಹುರಿಯ ತುಂಡು. ಜಗಲಿಗೆ ಒರಗಿಸಿದ್ದ ಸೈಕಲ್ಲಿನ ಕ್ಯಾರಿಯರ್ ಮೇಲೆ ಇನ್ನೂ ಒಂದು ಹೊರೆ ಮುಳ್ಳು ಕಾಯುತ್ತಿತ್ತು. ಬಾಗಿಲಿಗೆ ಅಡ್ಡಡ್ಡವಾಗಿ ಆಗಲೇ ಎರಡು ಕೊಂಬೆ ಬಿಗಿದಾಗಿತ್ತು.

ಅವಳು ಹಾಸನದ ಬಸ್ಸಿಳಿದು ಟ್ರಂಕು ಹಿಡಿದುಕೊಂಡು ನೇರ ಮನೆಗೆ ಬಂದಿದ್ದಳು. ಅಮ್ಮ ತೀರಿಕೊಂಡ ಮೇಲೆ ಸೂತಕ ಕಳೆಯಲೆಂದು ಅಣ್ಣನ ಮನೆಗೆ ಹೋಗಿದ್ದವಳು, ಹೊಳೆನರಸೀಪುರದ ತನ್ನ ಈ ಬಾಡಿಗೆ ಮನೆಯ ಬಾಗಿಲು ತೆರೆದು, ಅಮ್ಮ ಮಲಗುತ್ತಿದ್ದ ಜಾಗದಲ್ಲಿ ಕುಳಿತು ಮನಸಾರೆ ಅಳಬೇಕು ಅಂದುಕೊಂಡಿದ್ದಳು. ಪಾಪ, ಅಳುವುದಕ್ಕೂ ಒಂದು ಬಾಗಿಲು ಬೇಕಲ್ಲ!

"ಯಜಮಾನರು ಹೇಳಿದ್ರು..." ಆತ ಹುರಿಯನ್ನು ಬಾಯಿಂದ ತೆಗೆದ. "ನಾನು ಗಂಗಾಧರಯ್ಯನವರ ಅಕ್ಕಿ ಗಿರಣಿಗೆ ಹೊಸದಾಗಿ ಬಂದಿರೋ ಗುಮಾಸ್ತ. ವರ್ಧಮಾನ ಅಂತ. ಈ ಮನೇಲಿ ಸಾವಾಗಿದ್ದು ಧನಿಷ್ಠಾ ನಕ್ಷತ್ರದಲ್ಲಂತೆ. ಆರು ತಿಂಗಳು ಯಾರೂ ಒಳಗಿರಬಾರದು, ಮುಳ್ಳು ಕಟ್ಟು ಅಂದ್ರು."

"ಸಾವು ಅಲ್ಲ ರೀ. ನಮ್ಮಮ್ಮ!"

ಆತ ತಲೆ ತಗ್ಗಿಸಿದ.

"ಒಳಗೆ ಅವಳ ಸೀರೆ ಇದೆ. ಅವಳು ಬೀಸ್ತಿದ್ದ ಕಲ್ಲಿದೆ. ನನ್ನ ಪುಸ್ತಕ, ಹಾಸಿಗೆ ಎಲ್ಲಾ ಇದೆ. ಎಲ್ಲಿಗೆ ಹೋಗ್ಲಿ ನಾನು? ನಿಮ್ಮ ಮನೇಲೂ ಹೆತ್ತೋರಿದ್ದಾರಾ ಇಲ್ವಾ?"

ಇನ್ನೊಬ್ಬನಾಗಿದ್ದರೆ ಶಾಸ್ತ್ರ ಹೇಳುತ್ತಿದ್ದ. ಇವನು ಹಾಗಲ್ಲ. ತಿರುಗಿ, ಕಟ್ಟಿದ್ದ ಮುಳ್ಳನ್ನು ಬರಿಗೈಯಲ್ಲಿ ಬಿಚ್ಚತೊಡಗಿದ. ಅವಸರಕ್ಕೆ ಬೆರಳು ತರಚಿ ರಕ್ತ ಬಂತು. ಅದು ಕಣ್ಣಿಗೆ ಬಿದ್ದರೂ ಅನಂತಮತಿ ಕಾಣದವಳಂತೆ ಸೆರಗು ಬಿಗಿದುಕೊಂಡು ನಿಂತಳು.

ಬಾಗಿಲು ತೆರೆದುಕೊಂಡಿತು.

"ಇವತ್ತು ಇಲ್ಲೇ ಇರಿ. ಯಜಮಾನರಿಗೆ ನಾನು ಹೇಳ್ಕೋತೀನಿ." ಸೈಕಲ್ ಹಿಡಿದು ಎರಡು ಹೆಜ್ಜೆ ಹೋದವನು ನಿಂತು, ಪಡುವಣ ದಿಕ್ಕು ನೋಡಿದ. "ಹೊತ್ತು ಮುಳುಗ್ತಾ ಇದೆ. ಏನಾದ್ರೂ ಉಂಡ್ಬಿಡಿ."

ಅನಂತಮತಿ ತಟ್ಟನೆ ತಿರುಗಿದಳು. ಅದು ಅಮ್ಮನ ಮಾತು! ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ ಅವರದು. ದಿನವೂ ಸಂಜೆ ಇದೇ ಬಾಗಿಲಲ್ಲಿ ನಿಂತು ಅಮ್ಮ ಪದ್ಮಾವತಮ್ಮ ಕೂಗುತ್ತಿದ್ದಳು, 'ಮತೀ, ಹೊತ್ತು ಮುಳುಗ್ತಾ ಇದೆ, ಉಂಡ್ಬಿಡು.'

ಇವನೂ ನಮ್ಮವನೇ! ನಮ್ಮವನಾಗಿಯೂ ಮುಳ್ಳು ಕಟ್ಟಲು ಬಂದನಲ್ಲಾ... ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಆ ಸಂಜೆ ಅವಳು ಉಣ್ಣಲಿಲ್ಲ.

ಮರುದಿನ ಬೆಳಗ್ಗೆ ಮನೆಯ ಯಜಮಾನ ಗಂಗಾಧರಯ್ಯನ ಜಗಲಿಯ ಮುಂದೆ ನಿಂತಳು. ಕೆಟ್ಟ ಮನುಷ್ಯನಲ್ಲ ಆತ. ಅಮ್ಮ ಕಾಯಿಲೆ ಬಿದ್ದಾಗ ಹಾಲು ಕಳಿಸಿದ್ದ. ಆದರೆ ಹೆದರಿದ ಮನುಷ್ಯ, ದುಡ್ಡಿನ ವಿಷಯದಲ್ಲಂತೂ ಇನ್ನೂ ಹೆದರಿದ ಮನುಷ್ಯ.

"ನೋಡವ್ವಾ ಟೀಚರಮ್ಮ, ನಿಮ್ಮವ್ವ ಒಳ್ಳೇರು. ನಾನೇನು ಇಲ್ಲ ಅಂತೀನಾ? ಆದ್ರೆ ಓಗಿದ್ದು ಧನಿಷ್ಠೇಲಿ ಕಣವ್ವ. ನಾಳೆ ನಮ್ಮ ವಂಶಕ್ಕೇನಾದ್ರೂ ತಟ್ಟಿದ್ರೆ ಯಾರು ಒಣೆ?"

"ಸರಿ ಯಜಮಾನ್ರೇ. ನನಗೂ ಅರಕಲಗೂಡಿಗೆ ವರ್ಗ ಆಗಿದೆ. ಮನೆ ಬಿಡ್ತೀನಿ. ಅಮ್ಮ ಕೊಟ್ಟಿದ್ದ ಅಡ್ವಾನ್ಸ್ ಕೊಟ್ಬಿಡಿ."

ಗಂಗಾಧರಯ್ಯ ನಶ್ಯದ ಡಬ್ಬಿ ಬೆರಳಲ್ಲಿ ತಟ್ಟಿದ. "ಕೊಡ್ತೀನವ್ವ. ಆದ್ರೆ ಆರು ತಿಂಗ್ಳು ಮನೆ ಖಾಲಿ ಬಿದ್ರೆ ಬಾಡಿಗೆ ಯಾರು ಕೊಡೋರು? ಅದನ್ನ ಮುರ್ಕೊಂಡು ಮಿಕ್ಕಿದ್ದು ಕೊಡ್ತೀನಿ. ಅದೂ ಒಸ ಬಾಡಿಗೆಯೋರು ಬಂದು ಅಡ್ವಾನ್ಸ್ ಮಡಗಿದ ಮ್ಯಾಕೆ. ಊರಾಗೆ ಎಲ್ರೂ ಅಂಗೇ ಮಾಡೋದು."

"ಮುಳ್ಳು ಕಟ್ಟಿದ ಮನೆಗೆ ಹೊಸಬರು ಯಾರು ಬರ್ತಾರೆ ಯಜಮಾನ್ರೇ?"

ಗಂಗಾಧರಯ್ಯ ನಶ್ಯ ಏರಿಸಿ ಸೀನಿದ, ಅಷ್ಟೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ!

ನೂರಿಪ್ಪತ್ತು ರೂಪಾಯಿ. ಅಮ್ಮ ವರ್ಷಗಟ್ಟಲೆ ಹಪ್ಪಳ ಲಟ್ಟಿಸಿ, ಸೊಂಟ ಹಿಡಿದುಕೊಂಡು ಏಳುತ್ತಾ ಕೂರುತ್ತಾ ಕೂಡಿಸಿದ್ದ ದುಡ್ಡು ಅದು. 'ನಮ್ಮದು ಅಂತ ಒಂದು ಬಾಗಿಲಿರಬೇಕು ಮತೀ, ಹಾಕ್ಕೊಳ್ಳೋಕೆ ಒಳಗಿಂದ ಅಗುಳಿ ಇರಬೇಕು' ಅನ್ನುತ್ತಿದ್ದಳು.

ಈಗ ಆ ಮಾತಿನ ಬೆಲೆ ಅನಂತಮತಿಗೆ ತಿಳಿಯಿತು. ಅರಕಲಗೂಡಿನಲ್ಲಿ ಹೊನ್ನಕ್ಕ ಎಂಬಾಕೆ ಎರಡು ಕೋಣೆಯ ಮನೆ ಕೊಡಲು ಒಪ್ಪಿದ್ದಳು, ಆದರೆ ಮುಂಗಡ ಮೊದಲು ಇಡಬೇಕು. ಒಂಟಿ ಹೆಣ್ಣಿಗೆ ಮನೆ ಕೊಡುವುದೇ ದೊಡ್ಡದು, ಇನ್ನು ಚೌಕಾಸಿ ಎಲ್ಲಿಂದ ಬಂತು? ಕೈಯಲ್ಲಿದ್ದದ್ದೆಲ್ಲ ಅಮ್ಮನ ಔಷಧಿಗೆ ಹೋಗಿತ್ತು. ದುಡ್ಡು ಸಿಗದಿದ್ದರೆ ಉಳಿದದ್ದು ಹಾಸನದ ಅಣ್ಣ ಭುಜಬಲಿಯ ಮನೆ.

"ಕೆಲಸ ಬಿಟ್ಟು ಬಂದ್ಬಿಡು," ಅಂದಿದ್ದ ಅವನು. "ಹೆಂಗಸು ಒಬ್ಬಳೇ ಊರೂರು ಅಲೆಯೋದು ಚೆಂದವಾ? ನಿಮ್ಮತ್ತಿಗೆಗೂ ಕೈಯಾಸರೆ ಆಗ್ತದೆ."

ಕೈಯಾಸರೆ! ಅಡುಗೆಮನೆಯ ಮೂಲೆಯಲ್ಲಿ ಚಾಪೆ, ಎಲ್ಲರೂ ಉಂಡ ಮೇಲೆ ಊಟ, ಕೊನೆಯವರೆಗೂ ಯಾರದೋ ಮಕ್ಕಳ ಮೂಗೊರೆಸುವ ಕೆಲಸ... ಬೇಡ. ದೇವರೇ, ಅದೊಂದು ಬೇಡ.

ಮನೆಗೆ ಮತ್ತೆ ಮುಳ್ಳು ಬಿತ್ತು. ಶಾಲೆಯ ಆಯಾ ಸಣ್ಣಕ್ಕ ತನ್ನ ನಡುಮನೆಯಲ್ಲಿ ಜಾಗ ಕೊಟ್ಟಳು. ಟ್ರಂಕು, ಹಾಸಿಗೆ, ಗೋಡೆಯ ಮೇಲಿದ್ದ ಗೊಮ್ಮಟನ ಪಟ ಬಂದವು. ಬೀಸುವ ಕಲ್ಲು ಮಾತ್ರ ಭಾರವೆಂದು ಅಲ್ಲೇ ಉಳಿಯಿತು.

ಬೇಸಿಗೆ ರಜೆಯ ಉದ್ದಕ್ಕೂ ಅವಳು ಗಿರಣಿಗೆ ಅಲೆದಳು. ಗಂಗಾಧರಯ್ಯ ನಾಳೆ ಅಂದ, ನಾಡಿದ್ದು ಅಂದ, ಹೊಸಬರು ಬರಲಿ ಅಂದ. ಪ್ರತಿ ಸಲವೂ ಆ ವರ್ಧಮಾನ ಮೂಲೆಯ ಮೇಜಿನ ಹಿಂದೆ ತಲೆ ತಗ್ಗಿಸಿಕೊಂಡೇ ಇರುತ್ತಿದ್ದ. ಬಾಯಿ ಬಿಟ್ಟು ಒಂದು ಮಾತಾಡಿದರೆ ಇವನ ಗಂಟೇನು ಹೋಗುತ್ತಿತ್ತು?

ಒಂದು ದಿನ ಗಿರಣಿಯ ಬಾಗಿಲವರೆಗೆ ಹಿಂದೆಯೇ ಬಂದ.

"ಸ್ವಲ್ಪ ದಿನ ತಡ್ಕೊಳ್ಳಿ. ಏನಾದ್ರೂ ಆಗ್ತದೆ."

"ನಿಮಗೇನ್ರೀ, ತಡ್ಕೊಳ್ಳಿ ಅನ್ನೋದು ಸುಲಭ! ಮುಳ್ಳು ಕಟ್ಟೋ ಕೈ ನಿಮ್ಮದು, ಚುಚ್ಚಿಸ್ಕೊಳ್ಳೋ ಕಾಲು ನಂದು."

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಅವಳು ತಿರುಗಿ ನೋಡದೆ ನಡೆದಳು.

ಶಾಲೆ ತೆರೆಯುವ ಹಿಂದಿನ ದಿನ ಬಂದೇಬಿಟ್ಟಿತು. ಅನಂತಮತಿ ಸೋತಿದ್ದಳು. ಹಾಸನದ ಬಸ್ಸಿನ ಪಕ್ಕ ಟ್ರಂಕಿನ ಮೇಲೆ ಕುಳಿತಿದ್ದಳು. ಅರಕಲಗೂಡಿನ ಬಸ್ಸು ಎದುರಿಗೇ ನಿಂತಿತ್ತು. ಅದರ ಕಡೆ ನೋಡಲೂ ಅವಳಿಗೆ ಧೈರ್ಯವಿರಲಿಲ್ಲ.

"ಟೀಚರ್! ಟೀಚರ್, ನಿಲ್ಲಿ!"

ವರ್ಧಮಾನ ಓಡಿ ಬರುತ್ತಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು. ಸೈಕಲ್ಲಿರಲಿಲ್ಲ.

"ತಗೊಳ್ಳಿ. ಯಜಮಾನರು ಕೊಟ್ರು. ನಿಮ್ಮ ಅಡ್ವಾನ್ಸ್."

ಅವಳಿಗೆ ನಂಬಿಕೆಯೇ ಬರಲಿಲ್ಲ. "ಮುರ್ಕೊಂಡಿಲ್ವಾ?"

"ಇಲ್ಲ. ಪೂರ್ತಿ ಇದೆ."

ಅವಳು ಅವನ ಎದುರಿಗೇ ನೋಟು ಎಣಿಸಿದಳು, ಒಂದೊಂದಾಗಿ, ಎರಡು ಸಲ. ಅವನು ನೋಡುತ್ತಾ ನಿಂತಿದ್ದ. ಮುಂದೆ ಎಷ್ಟೋ ಸಂಜೆ ಈ ಎಣಿಕೆಯನ್ನು ನೆನೆದು ಅವಳು ನಾಚಿಕೆಯಿಂದ ಕಣ್ಣು ಮುಚ್ಚಿಕೊಳ್ಳುವವಳಿದ್ದಳು. ಆ ಹೊತ್ತಿಗೆ ಅದು ತಿಳಿಯಲಿಲ್ಲ.

"ಹಾಗಾದ್ರೆ ಹೊಸ ಬಾಡಿಗೆಯವರು ಬಂದ್ರಾ?"

"ಬಂದ್ರು."

"ಆ ಮನೆಗಾ? ಯಾರಪ್ಪ ಅಷ್ಟು ಧೈರ್ಯದೋರು?"

"ಅರಕಲಗೂಡಿನ ಬಸ್ ಹೊರಡ್ತಾ ಇದೆ," ಅಂದ ಅವನು, ಟ್ರಂಕು ಎತ್ತುತ್ತಾ. "ಬೇಗ ಹತ್ತಿ."

ಬಸ್ಸು ತಿರುವು ದಾಟುವವರೆಗೂ ಅವನು ಅಲ್ಲೇ ನಿಂತಿದ್ದ. ಅನಂತಮತಿ ಕಿಟಕಿಯಿಂದ ನೋಡಿದಳು. ಒಂದು ಕೃತಜ್ಞತೆಯ ಮಾತಾದರೂ ಹೇಳಬೇಕಿತ್ತು... ಅನ್ನಿಸುವಷ್ಟರಲ್ಲಿ ಧೂಳು ಎದ್ದು ಅವನು ಕಾಣದಾದ.

ಅರಕಲಗೂಡಿನ ಮನೆಗೆ ಬಾಗಿಲಿತ್ತು. ಒಳಗಿನಿಂದ ಅಗುಳಿಯೂ ಇತ್ತು. ಹಾಕಿಕೊಂಡ ಮೇಲೆ ಎಷ್ಟು ನಿಶ್ಶಬ್ದವಾಗುತ್ತದೆ ಎಂದು ಮಾತ್ರ ಅಮ್ಮ ಹೇಳಿರಲಿಲ್ಲ.

ಶಾಲೆಯಲ್ಲಿ ಮಕ್ಕಳ ಗಲಾಟೆಯಿತ್ತು, ಬೀದಿಯಲ್ಲಿ ಹೊಗೆಸೊಪ್ಪಿನ ಗಾಡಿಗಳ ಸದ್ದಿತ್ತು. ಸಂಜೆಯಾಗುತ್ತಲೇ ಎಲ್ಲವೂ ಅವರವರ ಮನೆ ಸೇರುತ್ತಿದ್ದವು. ಅನಂತಮತಿ ಹೊತ್ತು ಮುಳುಗುವ ಮುಂಚೆ ಒಂದು ತಟ್ಟೆ ಹಾಕಿಕೊಂಡು ಕೂರುತ್ತಿದ್ದಳು. ಒಂದೇ ತಟ್ಟೆ, ಒಂದೇ ಲೋಟ. ಗೋಡೆಯ ಮೇಲೆ ಗೊಮ್ಮಟ. ಅವನೋ ಊಟ ಬಿಟ್ಟು ನಿಂತವನು, ಇವಳನ್ನೇನು ಉಣ್ಣು ಅಂದಾನು!

ಕೆಲವು ಸಂಜೆ ಮರೆತೇಬಿಡುತ್ತಿದ್ದಳು. ಕತ್ತಲಾದ ಮೇಲೆ ನೆನಪಾಗಿ, ನೀರು ಕುಡಿದು ಮಲಗುತ್ತಿದ್ದಳು. ಹಸಿವಿಗಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಉಂಡೆಯಾ ಎಂದು ಕೇಳುವವರು ಈ ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಹಾಗೆಂದುಕೊಂಡಾಗಲೆಲ್ಲ, ಯಾಕೋ, ಸೈಕಲ್ ಹಿಡಿದು ಪಡುವಣ ನೋಡುತ್ತಾ ನಿಂತಿದ್ದ ಒಬ್ಬನ ಮುಖ ಕಣ್ಣ ಮುಂದೆ ಬರುತ್ತಿತ್ತು.

'ಛೇ! ಮುಳ್ಳು ಕಟ್ಟಿದವನನ್ನ ನೆನೆಸ್ಕೋತೀನಲ್ಲ...'

ಬೈದುಕೊಂಡರೂ ನೆನಪು ನಿಲ್ಲಲಿಲ್ಲ. ನೋಟು ತಂದುಕೊಟ್ಟ ಆ ಬೆವರಿದ ಕೈ, ಓಡಿ ಬಂದ ಏದುಸಿರು... ಒಂದು ದಿನ ಕನ್ನಡಿಯಲ್ಲಿ ತನ್ನ ನಗುವನ್ನು ತಾನೇ ಕಂಡು ಗಾಬರಿಯಾದಳು.

ದಸರೆಗೆ ಸ್ವಲ್ಪ ಮುಂಚೆ ಸಣ್ಣಕ್ಕ ಅರಕಲಗೂಡಿಗೆ ಬಂದಳು. ಅವಳ ತಂಗಿಯ ಮನೆ ಅಲ್ಲಿಯೇ ಇತ್ತು. ಎಲೆ ಅಡಿಕೆ ಹಾಕಿಕೊಂಡು ಊರಿನ ಸುದ್ದಿ ಬಿಚ್ಚಿದಳು.

"ನಿಮ್ಮ ಮನೇಲಿ ಈಗ ಯಾರವ್ರೆ ಗೊತ್ತಾ? ಅದೇ ಗಿರಣಿ ಗುಮಾಸ್ತ ಕಣವ್ವ! ಅರ್ಧ ಬಾಡಿಗೆಗೆ ಸಿಕ್ಬುಡ್ತಂತೆ. ನೀವು ಬಿಟ್ಟಿದ್ದೇ ತಡ, ಬಂದು ಸೇರ್ಕಂಡವ್ನೆ. ಎಂಥಾ ಉಸಾರಿ ನೋಡಿ!"

ಅನಂತಮತಿಯ ಕೈಯ ಲೋಟ ಹಾಗೇ ನಿಂತಿತು.

ಅಂದರೆ... ಮುಳ್ಳು ಕಟ್ಟಿದ್ದು ಇದಕ್ಕೇನಾ? ಧನಿಷ್ಠೆ ಗಿನಿಷ್ಠೆ ಎಂದು ಹೆದರಿಸಿ, ನನ್ನನ್ನು ಹೊರಗೆ ಹಾಕಿ, ಅಗ್ಗಕ್ಕೆ ಮನೆ ಹೊಡೆದುಕೊಳ್ಳಲು? ಬಸ್ ಸ್ಟ್ಯಾಂಡಿಗೆ ಓಡಿ ಬಂದದ್ದು ನಾನು ಬೇಗ ತೊಲಗಲಿ ಅಂತಲಾ? ಹೊಸಬರು ಯಾರೆಂದು ಕೇಳಿದಾಗ ಬಾಯಿ ಯಾಕೆ ಕಟ್ಟಿತ್ತು ಅಂತ ಈಗ ಗೊತ್ತಾಯಿತು!

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಪಾಠ ಮಾಡುವವಳು ತಾನೇ ಮೋಸಹೋಗಿದ್ದಳು. ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಇಷ್ಟು ದಿನ ಒಂಟಿತನದಲ್ಲಿ ಗುಟ್ಟಾಗಿ ಜೊತೆಗಿಟ್ಟುಕೊಂಡಿದ್ದ ಒಂದೇ ಒಂದು ಮುಖ ಅದು. ಅದೂ ಹೋಯಿತಲ್ಲಾ...

ದಸರೆ ರಜೆ ಬಂದ ಮೊದಲ ದಿನವೇ ಹೊಳೆನರಸೀಪುರಕ್ಕೆ ಹೊರಟಳು. ಬೀಸುವ ಕಲ್ಲು ತರಬೇಕು, ಅಷ್ಟೇ ಕೆಲಸ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಬಾಗಿಲು ತೆರೆದಿತ್ತು. ಮುಂದೆ ರಂಗೋಲಿ ಬಿದ್ದಿತ್ತು, ಗಂಡಸಿನ ಕೈಯ ಸೊಟ್ಟ ರಂಗೋಲಿ. ವರ್ಧಮಾನ ಅವಳನ್ನು ಕಂಡವನು ಎದ್ದು ನಿಂತು, ಕೈಗೆ ಸಿಕ್ಕ ಪಂಚೆ ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದ.

"ಬನ್ನಿ... ಒಳಗೆ ಬನ್ನಿ."

"ಬರೋಕೇನು, ನಮ್ಮಮ್ಮನ ಮನೆ. ಅರ್ಧ ಬಾಡಿಗೆಗೆ ಸಿಕ್ತಂತೆ ನಿಮಗೆ?"

"ಹೌದು," ಅಂದ ಅವನು ಮೆಲ್ಲಗೆ.

ಒಂದು ಸುಳ್ಳಾದರೂ ಹೇಳಬಾರದಾ ಇವನು! "ಸಂತೋಷ. ಬೀಸೋ ಕಲ್ಲು ತಗೊಂಡು ಹೋಗೋಕೆ ಬಂದೆ. ಯಾರನ್ನಾದ್ರೂ ಕರೆಸಿ, ಬಸ್ಸಿಗೆ ಹಾಕಿಸ್ಬೇಕು."

"ನಾನೇ ಕರ್ಕೊಂಡು ಬರ್ತೀನಿ," ಎಂದು ಅವನು ಹೊರಟುಹೋದ.

ಅವಳು ಸುತ್ತ ನೋಡಿದಳು. ಹಪ್ಪಳ ಒಣಗಿಸುತ್ತಿದ್ದ ಹಗ್ಗ ಹಾಗೇ ಇತ್ತು. ಗೊಮ್ಮಟನ ಪಟವಿದ್ದ ಮೊಳೆ ಖಾಲಿಯಾಗಿಯೇ ಇತ್ತು, ಅವನು ಏನನ್ನೂ ನೇತುಹಾಕಿರಲಿಲ್ಲ. ಅಮ್ಮ ಮಲಗುತ್ತಿದ್ದ ಜಾಗವನ್ನು ಬಿಟ್ಟು, ಬಾಗಿಲ ಪಕ್ಕದ ಇಕ್ಕಟ್ಟಿನಲ್ಲಿ ಅವನ ಚಾಪೆಯಿತ್ತು. ಬೀಸುವ ಕಲ್ಲು ತೊಳೆದು, ಮೇಲೊಂದು ಶುಭ್ರ ಬಟ್ಟೆ ಮುಚ್ಚಿತ್ತು.

ಅನಂತಮತಿಗೆ ಏನೋ ತಾಳೆಯಾಗಲಿಲ್ಲ. ಮನೆ ಹೊಡೆದುಕೊಂಡವನು ಹೀಗೆ ಮೂಲೆಯಲ್ಲಿ ಮಲಗುತ್ತಾನಾ?

"ಟೀಚರಮ್ಮಾ! ಓ ಟೀಚರಮ್ಮಾ!"

ಬೀದಿಯಲ್ಲಿ ಗಂಗಾಧರಯ್ಯನ ಹೆಂಡತಿ ಬಸವಲಿಂಗಮ್ಮ ನಿಂತಿದ್ದಳು. ಜಗಲಿಯನ್ನೂ ಮುಟ್ಟದೆ, ದೂರದಲ್ಲಿ.

"ಒಳಗೆ ಬನ್ನಿ ಅಮ್ಮ."

"ಅಯ್ಯೋ, ನಾ ಬರಾಕಿಲ್ಲ ಕಣವ್ವ! ಆರು ತಿಂಗ್ಳು ತುಂಬಿಲ್ಲ. ನೀನೇ ಈಚೆ ಬಾ."

ಅನಂತಮತಿ ಹೊರಗೆ ಬಂದಳು. "ನಿಮ್ಮ ಗುಮಾಸ್ತರು ಇದ್ದಾರಲ್ಲಮ್ಮ, ಆರಾಮಾಗಿ, ಅರ್ಧ ಬಾಡಿಗೆಗೆ!"

"ಯಾರವ್ವ ಆರಾಮಾಗಿರೋದು?" ಬಸವಲಿಂಗಮ್ಮ ಗಲ್ಲಕ್ಕೆ ಕೈಯಿಟ್ಟಳು. "ಬಾಡಿಗೆ ಅರ್ಧ ಮಾಡಿದ್ದು ನಮ್ಮೋರೇ. ಆ ಅಯ್ಯ ಕೇಳ್ಲಿಲ್ಲ. ನಿನ್ನ ದುಡ್ಡು ಕೊಟ್ಬುಡಿ ಅಂತ ದಿನಾ ಅವರ ತಲೆ ತಿಂತಿದ್ದ. ಒಸಬರು ಬರ್ಲಿ ಅಂತ ಇವರೂ ಇಡಿದ ಪಟ್ಟು ಬಿಡ್ಲಿಲ್ಲ. ಕೊನೆಗೆ, ಒಸಬ ನಾನೇ ಆಯ್ತೀನಿ ಅಂತ ಸೈಕಲ್ ಮಾರಿ, ಅಲ್ಲಿ ಇಲ್ಲಿ ಕೂಡಿಟ್ಟಿದ್ದೆಲ್ಲ ಬಳ್ಕಂಡು ಬಂದು ಅಡ್ವಾನ್ಸ್ ಮಡಗ್ದ. ಮನೆ ಖಾಲಿ ಬೀಳ್ನಿಲ್ವಲ್ಲ, ಇನ್ನು ಮುರ್ಕೊಳ್ಳೋದೆಲ್ಲಿ ಬಂತು? ಅದೇ ದುಡ್ಡು ನಿನ್ ಕೈಗೆ ಬಂದಿದ್ದು."

ಅವನ ಎದುರಿಗೇ ನಿಂತು ಎಣಿಸಿದ ಆ ನೋಟುಗಳು... ಎರಡೆರಡು ಸಲ!

"ಈಗ ನೋಡು, ಗಿರಣಿಯೋರು ಯಾರೂ ಅವನ ಮನೆ ನೀರು ಮುಟ್ಟಾಕಿಲ್ಲ. ಬೆಳಗೊಳದ ಕಡೆಯಿಂದ ಒಂದು ಸಂಬಂಧ ಬಂದಿತ್ತು, ಪಾಪ. ಮುಳ್ಳು ಕಟ್ಟಿದ್ ಮನೇಲಿರೋನಿಗೆ ಎಣ್ಣು ಕೊಡಾಕಿಲ್ಲ ಅಂತ ಎದ್ದೋದ್ರು. ಒಂದು ಮಾತಾಡ್ನಿಲ್ಲ ಪುಣ್ಯಾತ್ಮ!"

ಬಸವಲಿಂಗಮ್ಮ ಹೋದ ಮೇಲೆ ಅನಂತಮತಿ ಬೀಸುವ ಕಲ್ಲಿನ ಪಕ್ಕ ಕುಸಿದು ಕೂತಳು. ಅಮ್ಮ ಸತ್ತಾಗ ಅಳಬೇಕೆಂದುಕೊಂಡಿದ್ದ ಅಳು ಈಗ ಬಂತು. ಯಾರೂ ಕಾಲಿಡದ ಈ ಮನೆಯಲ್ಲಿ, ಯಾರೂ ಮಾತಾಡಿಸದೆ, ಅವನು ಇಷ್ಟು ದಿನ ಒಬ್ಬನೇ ಇದ್ದ. ಅಲ್ಲಿ ಅಗುಳಿ ಹಾಕಿದ ಬಾಗಿಲ ಹಿಂದೆ ಅವಳಿದ್ದ ಹಾಗೆಯೇ.

ಅವನು ಬಂದಾಗ ಬಿಸಿಲು ಇಳಿದಿತ್ತು. ಒಬ್ಬನೇ ಬಂದಿದ್ದ.

"ಕ್ಷಮಿಸಿ. ಯಾರೂ ಒಳಗೆ ಬರೋಕೆ ಒಪ್ಪಲಿಲ್ಲ. ನಾನೇ ಒಂದೊಂದು ಕಲ್ಲಾಗಿ ಹೊತ್ತು..." ಅವಳ ಮುಖ ನೋಡಿ ಮಾತು ನಿಲ್ಲಿಸಿದ. "ಯಾಕೆ? ಏನಾಯ್ತು?"

"ಸೈಕಲ್ ಎಲ್ಲಿ?"

ಅವನು ಖಾಲಿ ಜಗಲಿಯ ಕಡೆ ನೋಡಿದ.

"ಅವತ್ತು ಬಸ್ ಸ್ಟ್ಯಾಂಡಲ್ಲಿ ಒಂದು ಮಾತು ಹೇಳಬಾರದಿತ್ತಾ? ನಾನು ಕಳ್ಳನ ಕೈಯಿಂದ ಇಸ್ಕೊಂಡ ಹಾಗೆ ಎಣಿಸ್ತಿದ್ದೆ... ನೀವು ನೋಡ್ತಾ ನಿಂತಿದ್ರಿ!"

"ಹೇಳಿದ್ರೆ ನೀವು ತಗೋತಿದ್ರಾ?"

ತಗೊಳ್ಳುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಯಾಕೆ ಮಾಡಿದ್ರಿ?"

ಅವನು ತನ್ನ ಬೆರಳುಗಳನ್ನು ನೋಡಿಕೊಂಡ, ಅವತ್ತಿನ ಹಾಗೆಯೇ. "ಆ ಮುಳ್ಳು ಕಟ್ಟಿದ್ದು ಈ ಕೈ. ಟ್ರಂಕು ಹಿಡ್ಕೊಂಡು ನೀವು ನಿಂತಿದ್ದು ಕಣ್ಣಿಂದ ಹೋಗಲೇ ಇಲ್ಲ. ಕಟ್ಟಿದೋನೇ ಬಿಚ್ಚಬೇಕು ಅನ್ನಿಸ್ತು. ಆಮೇಲೆ..."

"ಆಮೇಲೆ?"

"ನೀವು ಹೋದ ಮೇಲೆ ಗೊತ್ತಾಯ್ತು. ಬರೀ ಮುಳ್ಳಿನ ಋಣ ಅಲ್ಲ ಅದು." ಅವನು ಬಾಗಿಲ ಕಡೆ ತಿರುಗಿದ. "ದಿನಾ ಸಂಜೆ ಈ ಬಾಗಿಲಲ್ಲಿ ನಿಂತ್ಕೋತೀನಿ. ಅರಕಲಗೂಡಲ್ಲಿ ನೀವು ಉಂಡ್ರೋ ಇಲ್ವೋ ಅಂತ... ಅಷ್ಟೇ ಯೋಚನೆ."

ಉಂಡೆಯಾ ಎಂದು ಕೇಳುವವರು ಭೂಮಿಯ ಮೇಲೆ ಯಾರೂ ಇಲ್ಲ ಎಂದು ಅನಂತಮತಿ ಅಂದುಕೊಂಡ ಎಲ್ಲ ಸಂಜೆಗಳಲ್ಲೂ, ಇಲ್ಲೊಬ್ಬ ಕೇಳುತ್ತಲೇ ಇದ್ದ!

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಟ್ಟಿ ಮನಸ್ಸಿನ ಹೆಣ್ಣು, ಅಳು ಮುಗಿದ ಮೇಲೆ ನಾಚಿಕೆಗೆ ಹೆಚ್ಚು ಹೊತ್ತು ಕೊಡಲಿಲ್ಲ.

"ಈ ಮನೇಲಿರೋರಿಗೆ ಹೆಣ್ಣು ಕೊಡಲ್ಲ ಅಂದ್ರಂತೆ ಬೆಳಗೊಳದೋರು?"

"ಅಂದ್ರು."

"ನನ್ನ ಕೊಡೋಕೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಅಣ್ಣನಿಗೆ ಸುದ್ದಿ ಮುಟ್ಟಿಸಿದ್ರೆ ಸಾಕು. ಈ ಮನೆ ಕಂಡ್ರೆ ನನಗೆ ಹೆದರಿಕೆನೂ ಇಲ್ಲ..." ಅವಳು ತಲೆಯೆತ್ತಿ ಅವನನ್ನು ನೋಡಿದಳು. "ನಾನೇ ಬಂದ್ರೆ ಬೇಡ ಅಂತೀರಾ?"

ವರ್ಧಮಾನನ ಕಣ್ಣು ತುಂಬಿತು. ಆ ಬಾಯಿ ಬೇಕಾದಾಗ ಎಂದೂ ತೆರೆದದ್ದಿಲ್ಲ ಬಿಡಿ!

"ನಿಮ್ಮ ಕೆಲಸ ಅಲ್ಲಿ... ನಾನು ಇಲ್ಲಿ..." ಕಡೆಗೆ ತೊದಲಿದ.

"ಕೆಲಸ ನಾನು ಬಿಡಲ್ಲ. ಅರಕಲಗೂಡಲ್ಲೂ ಗಿರಣಿ ಇವೆ, ಗುಮಾಸ್ತರು ಬೇಕು. ಗಂಗಾಧರಯ್ಯನೋರಿಂದ ಅಡ್ವಾನ್ಸ್ ವಾಪಸ್ ಕೇಳೋ ಸರದಿ ಇನ್ನು ನಿಮ್ದು."

ಅವನು ನಕ್ಕ. ಅವನು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು. "ಹೊಸಬರು ಬರಲಿ ಅಂತಾರೆ ಅವರು."

"ಬರೋವರೆಗೂ ಕಾಯೋಣ. ಇಬ್ಬರಿದೀವಲ್ಲ."

ತೆರೆದ ಬಾಗಿಲಿಂದ ಸಂಜೆಯ ಬಿಸಿಲು ಬೀಸುವ ಕಲ್ಲಿನವರೆಗೂ ಬಂದಿತ್ತು. ಅವಳು ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಯೂ ಒಂದೇ ತಟ್ಟೆ, ಒಂದೇ ಲೋಟ. ಅವಳು ಹಿತ್ತಲಿನಿಂದ ಬಾಳೆಲೆಯೊಂದನ್ನು ಕೊಯ್ದು ತಂದು, ನೀರು ಚಿಮುಕಿಸಿ, ತಟ್ಟೆಯ ಪಕ್ಕ ಹಾಸಿದಳು.

"ಇನ್ನೂ ಅಲ್ಲೇ ನಿಂತಿದೀರಲ್ಲ? ಬನ್ನಿ."

"ಎಲ್ಲಿಗೆ?" ಅಂದ ಅವನು, ಕನಸಿನಲ್ಲಿದ್ದವನ ಹಾಗೆ.

"ಹೊತ್ತು ಮುಳುಗ್ತಾ ಇದೆ," ಅಂದಳು ಅನಂತಮತಿ. "ಉಂಡ್ಬಿಡೋಣ."